ಚಂದ್ರನ ಮುಂದೆ ನಿಂತ ಜೇಡ

ಜೋಪಾನಪ್ಪನಿಗೆ ಅಪ್ಪ ಅಮ್ಮ ಇಟ್ಟ ಹೆಸರು ಬೇರೆಯೇ ಒಂದಿತ್ತು. ಅದನ್ನು ಅವನು ಎಷ್ಟು ಜೋಪಾನವಾಗಿ ಇಟ್ಟುಕೊಂಡಿದ್ದನೆಂದರೆ ಊರಿನಲ್ಲಿ ಯಾರಿಗೂ ಅದು ಗೊತ್ತಿರಲಿಲ್ಲ. ಬಸ್ ನಿಲ್ದಾಣದ ಲಗೇಜ್ ಕೊಠಡಿಯಲ್ಲಿ ಅವನ ಕೆಲಸ. ಪ್ರಯಾಣಿಕರು ಇಟ್ಟುಹೋದ ಪೆಟ್ಟಿಗೆ, ಚೀಲ, ಕೊಡೆಗಳ ಮೇಲೆ ಅವನಿಗೆ ಎಲ್ಲಿಲ್ಲದ ಅಕ್ಕರೆ. ಒಡೆಯರೇ ಬಂದು ಚೀಟಿ ತೋರಿಸಿದರೂ ಒಲ್ಲದ ಮನಸ್ಸಿನಿಂದ ಕೊಡುತ್ತಿದ್ದ. "ಹುಷಾರು ಸ್ವಾಮಿ, ಹಿಡಿ ಸ್ವಲ್ಪ ಸಡಿಲ ಇದೆ. ಮಳೆಗೆ ತೋರಿಸಬೇಡಿ" ಎಂದು ಬುದ್ಧಿಮಾತು ಬೇರೆ. ಕೊಡೆಯನ್ನು ಮಳೆಗೆ ತೋರಿಸಬೇಡಿ ಎಂದವನು ಈ ಪ್ರಪಂಚದಲ್ಲಿ ಅವನೊಬ್ಬನೇ ಇರಬೇಕು.

ಮನೆಯಲ್ಲೂ ಇದೇ ಕಥೆ. ಟೀವಿಯ ರಿಮೋಟಿಗೆ ಪ್ಲಾಸ್ಟಿಕ್ ಕವರು, ಕವರು ಹರಿಯಬಾರದೆಂದು ಅದಕ್ಕೊಂದು ಬಟ್ಟೆಯ ಚೀಲ. ಚಾನೆಲ್ ಬದಲಾಯಿಸಬೇಕೆಂದರೆ ಚೀಲ ಬಿಚ್ಚುವಷ್ಟರಲ್ಲಿ ಸುದ್ದಿ ಮುಗಿದು ಹವಾಮಾನ ಬಂದಿರುತ್ತಿತ್ತು. ಹೊಸ ಚಪ್ಪಲಿ ಸವೆಯಬಾರದೆಂದು ಹಳೆಯದನ್ನೇ ಮೆಟ್ಟಿ ತಿರುಗಿ, ಅದು ನಡುರಸ್ತೆಯಲ್ಲಿ ಕಿತ್ತುಹೋದಾಗ ಬರಿಗಾಲಲ್ಲಿ ಮನೆಗೆ ಬಂದಿದ್ದ. "ನಿಮಗೆ ಬುದ್ಧಿ ಅನ್ನೋದು ಇದೆಯೇನ್ರೀ?" ಎಂದು ಅವನ ಹೆಂಡತಿ ಕೇಳುತ್ತಿದ್ದಳು. ಅದು ಪ್ರಶ್ನೆಯಲ್ಲ, ಆ ಮನೆಯ ದಿನಚರಿ. ಅವಳ ಗಂಟಲು ಎಂಥದೆಂದರೆ, ಕೆಳಗಡೆ ಅಂಗಡಿಯಿಟ್ಟಿದ್ದ ದರ್ಜಿ ಹೊಲಿಗೆ ಯಂತ್ರ ನಿಲ್ಲಿಸಿ, ಒಂದಕ್ಷರವೂ ತಪ್ಪದಂತೆ ಕೇಳಿಸಿಕೊಂಡು, ಆಮೇಲೆ ಕೆಲಸ ಮುಂದುವರಿಸುತ್ತಿದ್ದ.

ಇಂಥ ಜೋಪಾನಪ್ಪನ ಪಾಲಿಗೆ ಒಂದು ಟೆಲಿಸ್ಕೋಪು ಬಂತು. ಯಾರೋ ಲಗೇಜ್ ಕೊಠಡಿಯಲ್ಲಿ ಇಟ್ಟು ಮರೆತೇಹೋದದ್ದು. ವಾರಸುದಾರರಿಲ್ಲದ ಸಾಮಾನನ್ನೆಲ್ಲ ಇಲಾಖೆ ಹರಾಜು ಹಾಕಿದಾಗ, ಉದ್ದನೆಯ ಆ ಬಿಳಿ ಕೊಳವೆಯನ್ನು ನೀರಿನ ಪೈಪು ಎಂದು ತಿಳಿದು ಮಿಕ್ಕವರು ಬಿಟ್ಟರು. ಇವನು ಹಿಡಿದುಕೊಂಡ. ಅಷ್ಟು ದಿನ ಅದನ್ನು ಒರೆಸಿ ಒರೆಸಿ ಇಟ್ಟವನಿಗೆ ಬಿಟ್ಟುಕೊಡಲು ಮನಸ್ಸು ಬರಲಿಲ್ಲ. ಮುಂದೆ ಅಂಗೈಯಗಲದ ದೊಡ್ಡ ಮಸೂರ, ಹಿಂದೆ ಕಣ್ಣಿಟ್ಟು ನೋಡಲು ಐಪೀಸ್ ಎನ್ನುವ ಪುಟ್ಟ ಗಾಜಿನ ತುಂಡು, ನಿಲ್ಲಿಸಲು ಮೂರು ಕಾಲಿನ ಸ್ಟ್ಯಾಂಡು. ಐಪೀಸುಗಳು ಎರಡಿದ್ದವು. ಎರಡನ್ನೂ ಬಳಸಿದರೆ ಎರಡೂ ಸವೆಯುತ್ತವೆಂದು ಒಂದನ್ನು ಡಬ್ಬಿಯಿಂದ ಹೊರಗೇ ತೆಗೆಯಲಿಲ್ಲ. ಇನ್ನೊಂದರ ಡಬ್ಬಿಯಲ್ಲಿ ಹರಳು ತುಂಬಿದ ಚಿಕ್ಕ ಪೊಟ್ಟಣವಿತ್ತು. ಅದರ ಮೇಲೆ 'ತಿನ್ನಬೇಡಿ' ಎಂದು ಬರೆದಿತ್ತು. ತಿನ್ನಬೇಡಿ ಎಂದು ಬರೆಯಬೇಕಾದರೆ ಅದು ವಿಷವೇ ಇರಬೇಕೆಂದು ಹೆದರಿ ಇಕ್ಕಳದಲ್ಲಿ ಹಿಡಿದು ಎಸೆದ. ತೇವ ಹೀರಿಕೊಳ್ಳಲಿ ಎಂದು ತಿಳಿದವರು ಇಡುವ ವಸ್ತು ಅದೆಂದು ಅವನಿಗೆ ಹೇಳುವವರು ಯಾರಿದ್ದರು?

ನೋಡಿ ಮುಗಿದ ಮೇಲೆ ಅವನ ಆರೈಕೆ ಶುರು. ಐಪೀಸಿನ ಮೇಲೆ 'ಹಾ' ಎಂದು ಉಸಿರು ಬಿಡುವುದು, ಒದ್ದೆ ಬಟ್ಟೆಯಲ್ಲಿ ಒರೆಸುವುದು, ಗಾಳಿ ತಾಗದಂತೆ ತಕ್ಷಣ ಪ್ಲಾಸ್ಟಿಕ್ಕಿನಲ್ಲಿ ಸುತ್ತುವುದು, ಅದರ ಮೇಲೊಂದು ಉಣ್ಣೆಯ ಮಫ್ಲರು, ಆಮೇಲೆ ಬಚ್ಚಲುಮನೆಯ ಗೋಡೆಗೆ ಒತ್ತಿಕೊಂಡಿದ್ದ ಟ್ರಂಕು, ಟ್ರಂಕಿಗೆ ಬೀಗ. ಹಸುಗೂಸನ್ನು ಕೂಡ ಯಾರೂ ಹಾಗೆ ಸುತ್ತಿ ಮಲಗಿಸುವುದಿಲ್ಲ. ಮಲಗಿಸಿದರೆ ಕೂಸು ಉಳಿಯುವುದೂ ಇಲ್ಲ.

ಟೆಲಿಸ್ಕೋಪು ಬಂದ ಮೇಲೆ ಜೋಪಾನಪ್ಪನ ನಡಿಗೆಯೇ ಬದಲಾಯಿತು. ಸಂಜೆ ತಾರಸಿಯ ಮೇಲೆ ಅದನ್ನು ನಿಲ್ಲಿಸಿದರೆ ನೆರೆಯವರೆಲ್ಲ ಹತ್ತಿ ಬರುತ್ತಿದ್ದರು. ಚಂದ್ರನ ಮೇಲಿನ ಗುಂಡಿ ತೋರಿಸಿ "ಇದು ಪರ್ವತ" ಎನ್ನುತ್ತಿದ್ದ. ಮಾರನೆಯ ದಿನ ಅದನ್ನೇ "ಇದು ಸಮುದ್ರ" ಎನ್ನುತ್ತಿದ್ದ. ಎರಡಕ್ಕೂ ಜನ ತಲೆಯಾಡಿಸುತ್ತಿದ್ದರು. ಜೀವಮಾನದಲ್ಲಿ ಯಾರೂ ಅವನನ್ನು ಅಭಿಪ್ರಾಯ ಕೇಳಿದ್ದಿಲ್ಲ. ಈಗ ಬಾಡಿಗೆ ಮನೆಯ ಮಾಲೀಕನೇ ಮೆಟ್ಟಿಲ ಮೇಲೆ ತಡೆದು, "ಏನ್ರೀ ಜೋಪಾನಪ್ಪ, ಮೇಲ್ಗಡೆ ಎಲ್ಲಾ ಸರಿಯಾಗಿದೆಯಾ?" ಎಂದು ಕೇಳುವಂತಾಗಿತ್ತು.

ಹೀಗಿರುವಾಗ ಒಂದು ಸಂಜೆ ದರ್ಜಿ ಟೆಲಿಸ್ಕೋಪಿನಲ್ಲಿ ಕಣ್ಣಿಟ್ಟವನು ಬಹಳ ಹೊತ್ತು ತೆಗೆಯಲೇ ಇಲ್ಲ.

"ಸಾರ್, ಚಂದ್ರನ ಮುಂದೆ ಒಂದು ಜೇಡ ಇದೆಯಲ್ಲ, ಅದೇನು?" ಎಂದ.

ಜೋಪಾನಪ್ಪನಿಗೆ ಜೇಡವೂ ಗೊತ್ತಿರಲಿಲ್ಲ, ಗೀಡವೂ ಗೊತ್ತಿರಲಿಲ್ಲ. ಆದರೆ ಮಾಲೀಕ ಪಕ್ಕದಲ್ಲೇ ನಿಂತಿದ್ದ. 'ಗೊತ್ತಿಲ್ಲ' ಎನ್ನುವ ಒಂದು ಮಾತು ಹೇಳಿದ್ದರೆ ಈ ಕಥೆ ಇಲ್ಲಿಗೇ ಮುಗಿಯುತ್ತಿತ್ತು. ಅವನು ಗಂಟಲು ಸರಿಮಾಡಿಕೊಂಡು ಹೇಳಿದ:

"ಅದಾ? ಅದು ನನ್ನ ಗಮನದಲ್ಲಿದೆ."

"ಗಮನದಲ್ಲಿದೆ ಅಂದ್ರೆ?" ಮಾಲೀಕ ಕೇಳಿದ.

"ಕೆಲವು ದಿನದಿಂದ ಗಮನಿಸ್ತಾ ಇದ್ದೀನಿ. ಈಗಲೇ ಏನೂ ಹೇಳೋಕಾಗಲ್ಲ."

ಎಲ್ಲರೂ ಇಳಿದುಹೋದ ಮೇಲೆ ತಾನೂ ನೋಡಿದ. ಇತ್ತು. ಚಂದ್ರನ ಬೆಳ್ಳಗಿನ ಮುಖದ ಮೇಲೆ, ಒಂದು ಪಕ್ಕಕ್ಕೆ, ಕಪ್ಪನೆಯ ಒಂದು ಚುಕ್ಕೆ. ಅದರ ಸುತ್ತ ಕೂದಲಿನಂಥ ಕಾಲುಗಳು. ಒಂದು ಕಾಲು ಮೊಣಕೈಯಂತೆ ಬಾಗಿತ್ತು.

ಆದರೂ ಧೈರ್ಯ ಮಾಡಿ ನೋಡುತ್ತ ನಿಂತ. ಚಂದ್ರ ಮೆಲ್ಲಗೆ ಒಂದು ಕಡೆಯಿಂದ ಇನ್ನೊಂದು ಕಡೆಗೆ ಜರುಗುತ್ತಿದ್ದ. ಅದು ಯಾವಾಗಲೂ ಹಾಗೇ. ಆದರೆ ಜೇಡ ಜರುಗಲಿಲ್ಲ. ಇದ್ದಲ್ಲೇ ಇತ್ತು. ಇನ್ನೊಬ್ಬನಾಗಿದ್ದರೆ ಇಲ್ಲಿ ಸ್ವಲ್ಪ ಯೋಚಿಸುತ್ತಿದ್ದ. ಜೋಪಾನಪ್ಪ ಬಸ್ ನಿಲ್ದಾಣದ ಮನುಷ್ಯ. ಅಡ್ಡ ಹೋಗುವ ಬಸ್ಸು ಎಡಕ್ಕೋ ಬಲಕ್ಕೋ ಜರುಗುತ್ತದೆ. ನೇರ ನಮ್ಮ ಮೇಲೇ ಬರುವ ಬಸ್ಸು ಜರುಗುವುದಿಲ್ಲ, ಇದ್ದಲ್ಲೇ ಇದ್ದು ದೊಡ್ಡದಾಗುತ್ತ ಹೋಗುತ್ತದೆ. ಇದು ಅವನು ಇಷ್ಟು ವರ್ಷ ದಿನವೂ ನೋಡಿದ ಸತ್ಯ. ಹಾಗಾದರೆ ಜರುಗದೆ ನಿಂತಿರುವ ಈ ಪ್ರಾಣಿ ಎಲ್ಲಿಗೆ ಬರುತ್ತಿದೆ? ಲೆಕ್ಕ ಸರಿಯಾಗಿಯೇ ಇತ್ತು. ಹಾಕಿದ ಜಾಗ ಮಾತ್ರ ತಪ್ಪಿತ್ತು.

ಹುಣ್ಣಿಮೆ ಕಳೆದು ಸಂಜೆಯ ಆಕಾಶದಿಂದ ಚಂದ್ರ ಕಾಣೆಯಾದ. ಅವನ ಜೊತೆ ಜೇಡವೂ ಕಾಣೆಯಾಯಿತು. ಕಾಣುತ್ತಿದ್ದಾಗ ಇದ್ದ ಹೆದರಿಕೆಗಿಂತ ಕಾಣದಾಗಿನ ಹೆದರಿಕೆ ದೊಡ್ಡದು. ಜೋಪಾನಪ್ಪ ಆ ದಿನಗಳಲ್ಲಿ ತಲೆ ಬಗ್ಗಿಸಿಯೇ ನಡೆಯುತ್ತಿದ್ದ. ಲಗೇಜ್ ಕೊಠಡಿಯ ಮೇಲಿನ ಫ್ಯಾನು ಕಿರ್ ಎಂದರೆ ಮೇಜಿನ ಕೆಳಗೆ ನುಗ್ಗುತ್ತಿದ್ದ. ಟೆಲಿಸ್ಕೋಪಿನ ಆರೈಕೆಯನ್ನು ಮಾತ್ರ ಇಮ್ಮಡಿ ಮಾಡಿದ. ಲೋಕವನ್ನು ಉಳಿಸುವ ಒಂದೇ ಸಾಧನ ಅದು ಎಂಬಂತೆ ಇನ್ನಷ್ಟು ಉಸಿರು ಬಿಟ್ಟು, ಇನ್ನಷ್ಟು ಒದ್ದೆ ಬಟ್ಟೆಯಲ್ಲಿ ಒರೆಸಿ, ಇನ್ನೊಂದು ಪ್ಲಾಸ್ಟಿಕ್ ಸುತ್ತಿದ.

ಮತ್ತೆ ಚಂದ್ರ ಬಂದಾಗ ಜೇಡದ ಗಾತ್ರ ಒಂದಕ್ಕೆ ಎರಡಾಗಿತ್ತು. ಕಾಲುಗಳು ಬೆಳೆದು ಚಂದ್ರನ ಅರ್ಧ ಮುಖವನ್ನು ತಬ್ಬಿಕೊಂಡಿದ್ದವು. ಜೋಪಾನಪ್ಪ ತಾರಸಿಯ ಮೇಲೆ ಕುಸಿದು ಕೂತ. ಒಣಗಿದ ಬಟ್ಟೆ ತೆಗೆಯಲು ಬಂದ ಹೆಂಡತಿ ಅವನನ್ನು ನೋಡಿ, "ನಿಮಗೆ ಬುದ್ಧಿ..." ಎಂದು ಶುರುಮಾಡಿದವಳು, ಅವನ ಮುಖ ಕಂಡು ನಿಲ್ಲಿಸಿದಳು. ಅವನು ಟೆಲಿಸ್ಕೋಪಿನ ಕಡೆ ಕೈ ತೋರಿಸಿದ. ಅವಳು ಬಗ್ಗಿ ಕಣ್ಣಿಟ್ಟಳು.

"ರೀ, ಇದೇನ್ರೀ?"

"ಬರ್ತಾ ಇದೆ ಕಣೇ."

"ಎಲ್ಲಿಗೆ?"

"ಇಲ್ಲಿಗೆ." ಬಸ್ಸಿನ ಲೆಕ್ಕವನ್ನು ವಿವರಿಸಿದ.

ಅವಳು ಒಗೆದ ಬಟ್ಟೆಯ ರಾಶಿಯನ್ನು ಎದೆಗೆ ಅವುಚಿಕೊಂಡು ಅವನ ಪಕ್ಕದಲ್ಲಿ ಕೂತಳು. ಮದುವೆಯಾದ ಮೇಲೆ ಅವನು ಹೇಳಿದ ಒಂದು ಮಾತನ್ನು ಅವಳು ನಂಬಿದ್ದು ಅದೇ ಮೊದಲು. ಅವತ್ತಿನಿಂದ ಅವಳು ಬೈಯುವುದನ್ನು ಬಿಟ್ಟಳು. ಊಟಕ್ಕೆ ಬಡಿಸುವಾಗ "ಇನ್ನೊಂಚೂರು ಹಾಕ್ಲಾ?" ಎಂದು ಮೆತ್ತಗೆ ಕೇಳುತ್ತಿದ್ದಳು. ಸಂಜೆ ಅವನ ಕೈ ಹಿಡಿದು ಕೂರುತ್ತಿದ್ದಳು. ಲೋಕ ಮುಳುಗುವ ಭಯದ ನಡುವೆಯೂ ಜೋಪಾನಪ್ಪನಿಗೆ ಒಂದು ಸುಖವಿತ್ತು, ಅದನ್ನು ಮುಚ್ಚಿಡುವುದು ಸರಿಯಲ್ಲ. ಕೆಳಗೆ ದರ್ಜಿ ಮಾತ್ರ ಕಂಗಾಲಾದ. "ಮೇಲಿಂದ ಅಮ್ಮಾವ್ರ ದನಿಯೇ ಕೇಳಿಸ್ತಿಲ್ಲ. ಏನೋ ಭಾರೀ ಅನಾಹುತ ಕಾದಿದೆ" ಎಂದು ಗಿರಾಕಿಗಳಿಗೆಲ್ಲ ಹೇಳಿದ. ಬೀದಿಯ ತುಂಬ ಸುದ್ದಿಯಾಯಿತು. ಸ್ಕೂಟರು ನಿಲ್ಲಿಸುವ ಜಾಗಕ್ಕೆ ಯಾವಾಗಲೂ ಕಿತ್ತಾಡುತ್ತಿದ್ದ ಮಾಲೀಕನೂ ದರ್ಜಿಯೂ "ನೀವೇ ನಿಲ್ಲಿಸಿ", "ಛೆ ಛೆ, ನೀವು ನಿಲ್ಲಿಸಿ" ಎಂದು ಒಬ್ಬರಿಗೊಬ್ಬರು ಬಿಟ್ಟುಕೊಟ್ಟು, ಕೊನೆಗೆ ಇಬ್ಬರ ಸ್ಕೂಟರೂ ರಸ್ತೆಯಲ್ಲಿ ಬಿಸಿಲಿಗೆ ಕಾಯುತ್ತಿದ್ದವು.

ಸುದ್ದಿ ನಗರಸಭೆಗೂ ಮುಟ್ಟಿತು. ಒಂದು ಬೆಳಿಗ್ಗೆ ಅಲ್ಲಿನ ಅಧಿಕಾರಿಯೊಬ್ಬರು ಲಗೇಜ್ ಕೊಠಡಿಗೇ ಬಂದರು. ದಪ್ಪ ಕನ್ನಡಕ, ಗಂಟು ಮುಖ. ಸೂಟ್‌ಕೇಸುಗಳ ನಡುವೆ ಕುರ್ಚಿ ಎಳೆದುಕೊಂಡು ಕೂತರು.

"ಆಕಾಶದಲ್ಲಿ ಏನೋ ನೋಡಿದ್ರಂತೆ. ಯಾರ ಅನುಮತಿ ತಗೊಂಡ್ರಿ?"

"ನೋಡೋಕೆ ಅನುಮತಿ ಬೇಕಾ ಸಾರ್?"

"ನೋಡೋಕೆ ಬೇಡ. ಕಾಣೋಕೆ ಬೇಕು."

ಜೋಪಾನಪ್ಪನ ಹೆಬ್ಬೆರಳು ಗುಂಡಿಗೆ ತಾಗಿ, ಹಿಡಿದಿದ್ದ ಯಾರದೋ ಕೊಡೆ ಫಟ್ಟನೆ ಬಿಚ್ಚಿಕೊಂಡಿತು. ಅಧಿಕಾರಿ ಬೆಚ್ಚಿ ಹಿಂದೆ ಸರಿದರು.

"ಸರಿ, ಈಗ ಮುಖ್ಯವಾದ ವಿಷಯ ಹೇಳಿ. ಅದು ಬೀಳೋದು ಕಾಲುವೆಯ ಈ ಕಡೆಗೋ, ಆ ಕಡೆಗೋ?"

"ಯಾಕೆ ಸಾರ್?"

"ಯಾಕೆ ಅಂದ್ರೆ? ಕಾಲುವೆಯ ಈ ಕಡೆ ಮಾತ್ರ ನನ್ನದು. ಆ ಕಡೆ ಬಿದ್ರೆ ಬೇರೆ ವಿಭಾಗ. ನನಗೆ ಸಂಬಂಧ ಇಲ್ಲ." ಅವರು ಮುಂದಕ್ಕೆ ಬಾಗಿ ಕನ್ನಡಕದ ಮೇಲಿಂದ ನೋಡಿದರು. "ಈ ಕಡೆ ಬೀಳೋದಾದ್ರೆ ನಿಮ್ಮನ್ನ ನನ್ನ ಆಫೀಸಿಗೆ ದಿನಾ ಕರೆಸಬೇಕಾಗುತ್ತೆ."

"ಸ್ವಲ್ಪ ಆ ಕಡೆಗೇ ವಾಲಿದ ಹಾಗಿದೆ ಸಾರ್" ಎಂದ ಜೋಪಾನಪ್ಪ, ಹೆದರಿಕೆಯಿಂದ.

ಅಧಿಕಾರಿಯ ಮುಖ ಅರಳಿತು. "ಹಾಗೆ ಹೇಳಿ ಮತ್ತೆ! ಸುಮ್ಮನೆ ಗಾಬರಿ ಪಡಿಸಿದ್ರಲ್ಲ. ಜನಕ್ಕೆ ಮಾತ್ರ ಏನೂ ಇಲ್ಲ ಅಂತಲೇ ಹೇಳಿ" ಎಂದು ಎದ್ದು ಹೋದರು. ಹೋಗುವಾಗ ಸಿಕ್ಕವರಿಗೆಲ್ಲ ಕಾಲುವೆಯ ಆ ಕಡೆ ಎಂದು ಹೇಳಿಕೊಂಡೇ ಹೋದರು.

ಮಾರನೆಯ ದಿನ ಕಾಲುವೆಯ ಆ ಕಡೆಯವರು ಗುಂಪು ಕಟ್ಟಿಕೊಂಡು ಬಂದು ಲಗೇಜ್ ಕೊಠಡಿಯ ಕಿಟಕಿಗೆ ಮುತ್ತಿದರು. "ನಾವು ಮನುಷ್ಯರಲ್ವಾ? ನಮ್ಮ ಕಡೆಗೆ ಯಾಕೆ ತಿರುಗಿಸಿದ್ರಿ?" ಎಂದು ಒಬ್ಬ. "ನಿಮ್ಮ ಮನೆ ಈ ಕಡೆ ಇದೆ ಅಂತ ತಾನೇ?" ಎಂದು ಇನ್ನೊಬ್ಬ. ಒಬ್ಬಳು ಮುದುಕಿ ಬಹಳ ಸಮಾಧಾನದಿಂದ, "ಪೂರ್ತಿ ನಮ್ಮ ಕಡೆಗೇ ಬೇಡಪ್ಪ, ನಡುವೆ ನೀರಿಗೆ ಬೀಳೋ ಹಾಗೆ ಮಾಡು" ಎಂದು ಬೇಡಿಕೊಂಡಳು. ತಾನು ಅದನ್ನು ಬರೀ ನೋಡಿದವನು, ಓಡಿಸುವವನಲ್ಲ ಎಂದು ಹೇಳಲು ಹೋದರೆ ಯಾರೂ ಕೇಳಲಿಲ್ಲ. ಜೋಪಾನಪ್ಪ ಕಿಟಕಿ ಮುಚ್ಚಿ, ಪೆಟ್ಟಿಗೆಗಳ ಹಿಂದೆ ಕೂತು, ಅವರು ಚದುರುವವರೆಗೂ ಉಸಿರು ಬಿಗಿಹಿಡಿದಿದ್ದ.

ಮನೆಗೆ ಬಂದರೆ ಬಾಗಿಲಲ್ಲಿ ಅತ್ತೆ. ಹಿಂದೆ ಹಾಸಿಗೆ ಸುರುಳಿ, ಎರಡು ಟ್ರಂಕು, ಮಡಕೆಯಲ್ಲಿ ಒಂದು ಗಿಡ, ಮತ್ತು ಭಾವಮೈದ. ಅತ್ತೆಯ ಮನೆ ಇದ್ದದ್ದು ಕಾಲುವೆಯ ಆ ಕಡೆಯಲ್ಲಿ ಎನ್ನುವುದು ಅಧಿಕಾರಿಗೆ ಉತ್ತರ ಕೊಡುವಾಗ ಅವನಿಗೆ ನೆನಪಿಗೆ ಬಂದಿರಲಿಲ್ಲ.

"ಅಳಿಯಂದ್ರೇ, ನಮ್ಮನೆ ಮೇಲೇ ಹಾಕಿಸ್ಬಿಟ್ರಲ್ಲ?" ಎಂದರು ಅತ್ತೆ. "ಹೋಗ್ಲಿ ಬಿಡಿ. ಸಾಯೋದಾದ್ರೆ ಮಗಳ ಜೊತೆಗೇ ಸಾಯೋಣ ಅಂತ ಬಂದೆ. ಕಿಟಕಿ ಪಕ್ಕದ ಮಂಚ ನನಗಿರಲಿ."

"ಭಾವ, ನನಗೆ ಎಲ್ಲಾದ್ರೂ ಸರಿ" ಎನ್ನುತ್ತ ಭಾವಮೈದ ಉಳಿದ ಮಂಚದ ಮೇಲೆ ಕಾಲು ಚಾಚಿದ.

ಎರಡು ಕೋಣೆಯ ಮನೆ. ಜೋಪಾನಪ್ಪ ಅಡುಗೆಮನೆಯಲ್ಲಿ ಗ್ಯಾಸ್ ಸಿಲಿಂಡರಿನ ಪಕ್ಕ ಮಲಗುವಂತಾಯಿತು. ಮೇಲಿಂದ ಜೇಡ, ಪಕ್ಕದಲ್ಲಿ ಸಿಲಿಂಡರು, ಯಾವುದು ಮೊದಲು ಎಂದು ಯೋಚಿಸುತ್ತ ಅವನಿಗೆ ನಿದ್ದೆಯೇ ಹತ್ತುತ್ತಿರಲಿಲ್ಲ.

ರಜೆಯ ದಿನ ಮಧ್ಯಾಹ್ನ ಅತ್ತೆ ಹಟ ಹಿಡಿದರು. "ನನ್ನನ್ನ ಮನೆ ಬಿಡಿಸಿದ್ದು ಅದೇನು ಅಂತ ನಾನೂ ನೋಡಬೇಕು."

"ಹಗಲು ಚಂದ್ರ ಇಲ್ಲ ಅತ್ತೆ."

"ನೋಡೋ ಯಂತ್ರ ಆದ್ರೂ ತೋರ್ಸಿ."

ಅವನು ಟ್ರಂಕಿನ ಬೀಗ ತೆಗೆದು, ಮಫ್ಲರು ಬಿಚ್ಚಿ, ಪ್ಲಾಸ್ಟಿಕ್ ಬಿಚ್ಚಿ, ಒಳಗಿನ ಪ್ಲಾಸ್ಟಿಕ್ ಬಿಚ್ಚಿ ಐಪೀಸನ್ನು ಹೊರತೆಗೆದ. ಒರೆಸೋಣವೆಂದು ಕಿಟಕಿಯ ಬೆಳಕಿಗೆ ಹಿಡಿದ. ಹಿಡಿದವನು ಹಾಗೇ ನಿಂತುಬಿಟ್ಟ.

ಗಾಜಿನ ಒಳಮೈಯಲ್ಲಿ ಜೇಡ ಕೂತಿತ್ತು. ಅದೇ ಚುಕ್ಕೆ, ಅವೇ ಕೂದಲಿನಂಥ ಕಾಲು, ಮೊಣಕೈಯಂತೆ ಬಾಗಿದ ಅದೇ ಒಂದು ಕಾಲು. ಚಂದ್ರನ ಬೆಳಕಿನೆದುರು ಕಪ್ಪಗೆ ಕಂಡದ್ದು ಇಲ್ಲಿ ಬೆಳ್ಳಗೆ, ಹತ್ತಿಯ ಎಳೆಯಂತಿತ್ತು. ಬೂಷ್ಟು! ಮಳೆಗಾಲದಲ್ಲಿ ಬ್ರೆಡ್ಡಿಗೆ ಹಿಡಿಯುವಂಥ, ಬಚ್ಚಲ ಮೂಲೆಯಲ್ಲಿ ಬೆಳೆಯುವಂಥ ಬೂಷ್ಟು. ಲೋಕವನ್ನೇ ನುಂಗಲು ಬಂದದ್ದು ಅವನ ಹೆಬ್ಬೆರಳಿನ ಉಗುರಿಗಿಂತ ಚಿಕ್ಕದಾಗಿತ್ತು. ಅದನ್ನು ಉಸಿರು ಕೊಟ್ಟು, ನೀರು ಕೊಟ್ಟು, ಬೆಚ್ಚಗೆ ಸುತ್ತಿ ಸಾಕಿದವನು ತಾನೇ.

"ಏನಾಯ್ತು ಅಳಿಯಂದ್ರೇ? ಹತ್ರ ಬಂತಾ?" ಅತ್ತೆ ಕೇಳಿದರು.

"ಬಹಳ ಹತ್ರ ಇದೆ ಅತ್ತೆ" ಎಂದು ಅದನ್ನು ಜೇಬಿಗೆ ಹಾಕಿಕೊಂಡ.

ಮೊದಲು ಸಂತೋಷವಾಯಿತು. ಮರುಗಳಿಗೆಯಲ್ಲೇ ಹಿಂದೆಂದೂ ಆಗದಷ್ಟು ಹೆದರಿಕೆಯಾಯಿತು. ಲೋಕ ಉಳಿಯಿತು, ತಾನು ಮುಳುಗಿದ. ಮಾಲೀಕ, ದರ್ಜಿ, ಅಧಿಕಾರಿ, ಕಾಲುವೆಯ ಎರಡೂ ಕಡೆಯವರು ಸೇರಿ ನಗುವ ಸದ್ದು ಅವನ ಕಿವಿಯಲ್ಲಿ ಮೊಳಗಿತು. ಅದನ್ನಾದರೂ ಸಹಿಸಬಹುದು. ಹೆಂಡತಿ ಮತ್ತೆ ಅವನ ಮಾತನ್ನು ನಂಬುವುದುಂಟೇ? ಸಂಜೆ ಹಿಡಿದ ಆ ಕೈಯನ್ನು ಬಿಟ್ಟುಬಿಡುತ್ತಾಳೆ. ಯಾರಿಗೂ ಹೇಳದೆ ಒರೆಸಿಟ್ಟು, 'ತಿರುಗಿ ಹೋಯಿತು' ಎಂದುಬಿಟ್ಟರೆ? ಜನ ಹಾರ ಹಾಕಿದರೂ ಹಾಕಬಹುದು.

ಹೀಗೆ ನಿರ್ಧರಿಸಿ ಅಡುಗೆಮನೆಗೆ ಹೋದ. ಹೆಂಡತಿ ಲೋಟ ತೊಳೆಯುತ್ತಿದ್ದಳು. ಲೋಟ ಅವಳ ಕೈಯಿಂದ ಜಾರಿ ಬಿತ್ತು. ಅವಳು ಎತ್ತಿಕೊಳ್ಳಲಿಲ್ಲ. ಕೆಲವು ದಿನಗಳಲ್ಲಿ ಎಷ್ಟು ಇಳಿದುಹೋಗಿದ್ದಾಳೆಂದು ಅವನು ಆಗ ನೋಡಿದ.

"ರೀ" ಎಂದಳು ಅವಳು, ತಿರುಗದೆ. "ಅದು ಬಂದಾಗ ನೋವಾಗುತ್ತಾ? ನೀವು ಅವತ್ತು ಕೆಲಸಕ್ಕೆ ಹೋಗ್ಬೇಡಿ. ನನಗೆ ಒಬ್ಬಳಿಗೇ ಇರೋಕೆ ಭಯ."

ಜೋಪಾನಪ್ಪ ಬಗ್ಗಿ ಲೋಟ ಎತ್ತಿಟ್ಟ. ತಿರುಗಿ ಹೋಯಿತು ಎಂದರೆ ಮತ್ತೆ ತಿರುಗಿ ಬರಬಹುದಲ್ಲ ಎಂದು ಇವಳು ಜೀವನವಿಡೀ ಆಕಾಶ ನೋಡಿ ನಡುಗುತ್ತಾಳೆ. ಬೇಡ. ನಕ್ಕರೆ ನಗಲಿ.

ಸಂಜೆ ಎಲ್ಲರನ್ನೂ ತಾರಸಿಗೆ ಕರೆದ. ಚಂದ್ರ ಮೇಲೆ ಬಂದಿದ್ದ. ಮಾಲೀಕ, ದರ್ಜಿ, ಅತ್ತೆ, ಭಾವಮೈದ, ಕಾಲುವೆಯ ಆ ಕಡೆಯ ನಾಲ್ಕಾರು ಜನ. ಅಧಿಕಾರಿಯೂ ಬಂದು ಗೋಡೆಗೊರಗಿ ನಿಂತಿದ್ದರು. ಜೋಪಾನಪ್ಪ ಕಣ್ಣು ಮುಚ್ಚಿಕೊಂಡು ಒಂದೇ ಉಸಿರಿನಲ್ಲಿ ಹೇಳಿಬಿಟ್ಟ.

"ಮೇಲೆ ಏನೂ ಇಲ್ಲ. ಇದು ಗಾಜಿಗೆ ಹಿಡಿದ ಬೂಷ್ಟು. ನನ್ನದೇ ತಪ್ಪು."

ಯಾರೂ ನಗಲಿಲ್ಲ. ಜನ ಅಧಿಕಾರಿಯ ಕಡೆ ನೋಡಿದರು. ಅಧಿಕಾರಿ ಜೋಪಾನಪ್ಪನಿಗೆ ಮೆಚ್ಚುಗೆಯಿಂದ ಕಣ್ಣು ಮಿಟುಕಿಸಿದರು. ಅದನ್ನು ಎಲ್ಲರೂ ನೋಡಿದರು.

"ಗೊತ್ತಾಯ್ತು ಬಿಡಿ" ಎಂದ ಮಾಲೀಕ. "ಜನ ಗಾಬರಿಯಾಗಬಾರದು ಅಂತ ಮೇಲಿನವರು ನಿಮ್ಮ ಬಾಯಲ್ಲಿ ಹೇಳಿಸ್ತಿದ್ದಾರೆ."

"ಅಯ್ಯೋ, ಇಲ್ಲ! ಬನ್ನಿ, ನೀವೇ ನೋಡಿ. ನಾನು ಈ ಗಾಜನ್ನ ತಿರುಗಿಸ್ತೀನಿ, ಜೇಡನೂ ತಿರುಗುತ್ತೆ." ದರ್ಜಿ ಕಣ್ಣಿಟ್ಟ. ಜೋಪಾನಪ್ಪ ಐಪೀಸನ್ನು ಮೆಲ್ಲಗೆ ತಿರುಗಿಸಿದ.

"ತಿರುಗ್ತಾ ಇದೆ!" ದರ್ಜಿ ಕಿರುಚಿದ. "ಗುರಿ ನೋಡ್ಕೋತಾ ಇದೆ ಸಾರ್!"

ಜೋಪಾನಪ್ಪ ಗಡಿಬಿಡಿಯಿಂದ ಆ ಐಪೀಸು ತೆಗೆದು, ಡಬ್ಬಿಯಲ್ಲೇ ಇದ್ದ ಎರಡನೆಯದನ್ನು ಹಾಕಿದ. "ಈಗ ನೋಡಿ, ಏನೂ ಇಲ್ಲ." ಕಾಲುವೆಯ ಆ ಕಡೆಯವನೊಬ್ಬ ನೋಡಿ ಬಿಳಿಚಿಕೊಂಡ. "ಇಲ್ಲ! ಹೊರಟುಬಿಟ್ಟಿದೆ! ಬೇರೆ ದಾರಿಯಿಂದ ಬರ್ತಿದೆ!"

ಕೊನೆಯ ಪ್ರಯತ್ನ. ಬೂಷ್ಟಿನ ಐಪೀಸನ್ನೇ ಮತ್ತೆ ಹಾಕಿ, ಟೆಲಿಸ್ಕೋಪನ್ನು ರಸ್ತೆಯ ಆಚೆಯ ಸುಣ್ಣದ ಗೋಡೆಗೆ, ಬೀದಿದೀಪದ ಬೆಳಕು ಬಿದ್ದ ಕಡೆಗೆ ತಿರುಗಿಸಿದ. ಆ ಕಟ್ಟಡವೂ ಮಾಲೀಕನದೇ. "ಆಕಾಶವೇ ಬೇಡ. ನಿಮ್ಮ ಗೋಡೆ ನೋಡಿ. ಅಲ್ಲೂ ಇದೆ ತಾನೇ?"

ಮಾಲೀಕ ನೋಡಿದ.

"ಇಳಿದುಬಿಟ್ಟಿದೆ! ನನ್ನ ಗೋಡೆ ಹತ್ತುತಾ ಇದೆ!"

ಮೆಟ್ಟಿಲ ಮೇಲೆ ನೂಕುನುಗ್ಗಲಾಯಿತು. ಗೋಡೆ ಕಾಲುವೆಯ ಈ ಕಡೆಯದೆಂದು ಅರಿವಾಗಿ ಅಧಿಕಾರಿ ಎಲ್ಲರಿಗಿಂತ ಮುಂದೆ ಓಡಿದರು. ತಾರಸಿಯ ಮೇಲೆ ಗಂಡ ಹೆಂಡತಿ ಇಬ್ಬರೇ ಉಳಿದರು.

"ನೀನಾದ್ರೂ ನಂಬು ಮಾರಾಯ್ತಿ. ಇದು ಬರೀ ಬೂಷ್ಟು."

ಅವಳ ಕಣ್ಣಲ್ಲಿ ನೀರು ತುಂಬಿತು. "ಸುಮ್ನಿರಿ. ನಾನು ಹೆದರಬಾರದು ಅಂತ ನಿಮ್ಮನ್ನ ನೀವೇ ಪೆದ್ದ ಮಾಡ್ಕೋತಿದ್ದೀರಿ. ಇಷ್ಟು ದೊಡ್ಡ ಮನಸ್ಸು ನಿಮ್ಮದು ಅಂತ ನನಗೆ ತಿಳಿದೇ ಇರಲಿಲ್ಲ."

"ನಾನು ಪೆದ್ದನೇ ಕಣೇ!"

"ಅಲ್ಲ."

"ನೀನೇ ಎಷ್ಟು ಸಲ ಹೇಳಿದ್ದೀಯ!"

"ಆಗ ನನಗೆ ನಿಮ್ಮ ಬೆಲೆ ಗೊತ್ತಿರಲಿಲ್ಲ" ಎಂದು ಅವಳು ಅತ್ತಳು.

ಜೋಪಾನಪ್ಪ ತಲೆ ಹಿಡಿದುಕೊಂಡು ಕೂತ. ತಾನು ಪೆದ್ದನೆಂದು ಸಾಬೀತು ಮಾಡಲು ಇನ್ನೇನು ಉಳಿದಿದೆ? ತಾನು ಜೋಪಾನ ಮಾಡಿದ ಇನ್ನೊಂದು ವಸ್ತುವನ್ನು ತೋರಿಸಬೇಕು. ಹಾಗೆ ಅಂದುಕೊಂಡ ಕೂಡಲೇ ನೆನಪಾಯಿತು. ಅದೇ ಟ್ರಂಕಿನ ತಳದಲ್ಲಿ, ಅದೇ ಬಚ್ಚಲ ಗೋಡೆಯ ಪಕ್ಕದಲ್ಲಿ, ಮದುವೆಯ ಶಾಲಿತ್ತು. ಮಗಳ ಮದುವೆಗೆಂದು ಅತ್ತೆ ಒಂದು ವರ್ಷ ಕೂತು ಕೈಯಾರೆ ಹೂಬಳ್ಳಿ ಹೊಲಿದ ರೇಷ್ಮೆ ಶಾಲು. ಹೊರಗೆ ಹೋಗುವಾಗಲೆಲ್ಲ ಹೆಂಡತಿ ಅದನ್ನು ಕೇಳುತ್ತಿದ್ದಳು. ಕೆಡುತ್ತದೆ ಎಂದು ಅವನು ಒಂದು ಸಲವೂ ಕೊಟ್ಟಿರಲಿಲ್ಲ. ತಾನೇ ಒದ್ದೆ ಬಟ್ಟೆಯಲ್ಲಿ ತಟ್ಟಿ, ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಇಟ್ಟದ್ದು. ಆಮೇಲೆ ಬಿಚ್ಚಿ ನೋಡಿದ್ದೇ ಇಲ್ಲ.

ಬೇಡ, ಇದಕ್ಕಿಂತ ಆ ಜೇಡವೇ ಬರಲಿ ಎಂದು ಒಂದು ಗಳಿಗೆ ಅನ್ನಿಸಿತು. ಹೆಂಡತಿ ಮೂಗೊರೆಸಿಕೊಳ್ಳುತ್ತ ಆಕಾಶ ನೋಡಿ ಮೈ ಮುದುಡಿಕೊಂಡಳು. ಅವನು ಎದ್ದ. ಅವಳ ಕೈ ಹಿಡಿದು ಕೆಳಗೆ ಕರೆತಂದು, ಟ್ರಂಕು ಎಳೆದು, ತಳದ ಗಂಟನ್ನು ಅವಳ ಮಡಿಲಿಗೆ ಹಾಕಿದ. ಕಟುಕನ ಮುಂದೆ ನಿಂತ ಕುರಿಯ ಹಾಗೆ ನಿಂತ.

ಅವಳು ಬಿಚ್ಚಿದಳು. ರೇಷ್ಮೆಯ ಮೇಲೆ, ಹೂಬಳ್ಳಿಯ ಉದ್ದಕ್ಕೂ, ಬೆಳ್ಳನೆಯ ಎಳೆಗಳು. ಚುಕ್ಕೆ, ಚುಕ್ಕೆಯ ಸುತ್ತ ಕಾಲು, ಬಾಗಿದ ಕಾಲು. ಒಂದಲ್ಲ, ಜೇಡಗಳ ಒಂದು ಸಂಸಾರವೇ ಅಲ್ಲಿತ್ತು. ಅವನು ಐಪೀಸನ್ನು ಶಾಲಿನ ಪಕ್ಕ ಹಿಡಿದ. ಅವಳು ಅದನ್ನು ನೋಡಿದಳು, ಶಾಲು ನೋಡಿದಳು, ಅವನನ್ನು ನೋಡಿದಳು.

"ನಿಮಗೆ ಬುದ್ಧಿ ಅನ್ನೋದು ಇದೆಯೇನ್ರೀ?"

ಇಷ್ಟು ದಿನ ಒಳಗೇ ಉಳಿದಿದ್ದೆಲ್ಲ ಸೇರಿ ಹೊರಗೆ ಬಂತು. ಕಿಟಕಿಯ ಗಾಜು ಅದುರಿತು. ಶಾಲಿನಿಂದ ಶುರುವಾಗಿ ಚಪ್ಪಲಿಗೆ, ಚಪ್ಪಲಿಯಿಂದ ರಿಮೋಟಿಗೆ, ಅಲ್ಲಿಂದ ಅವನ ವಂಶದ ಹಿರಿಯರ ಕಡೆಗೆ ಬೈಗುಳ ಏರಿತು.

ಕೆಳಗೆ ರಸ್ತೆಯಲ್ಲಿ ಗಂಟುಮೂಟೆ ಹಿಡಿದು ನಿಂತಿದ್ದ ಜನ ತಲೆಯೆತ್ತಿದರು. ದರ್ಜಿ ಕಿವಿಗೊಟ್ಟು ಕೇಳಿದ. ಅವನ ಮುಖದ ಮೇಲೆ ಮೆಲ್ಲಗೆ ಕಳೆ ಬಂತು.

"ಅಮ್ಮಾವ್ರು ಬೈತಿದ್ದಾರೆ" ಎಂದ. "ಒಂದು ಶಾಲಿಗೆ! ಲೋಕ ಮುಳುಗೋದಾದ್ರೆ ಯಾರಾದ್ರೂ ಶಾಲಿಗೆ ಇಷ್ಟು ಬೈತಾರಾ?"

ಮಾಲೀಕನಿಗೂ ಅದು ಸರಿ ಎನ್ನಿಸಿತು. ಐಪೀಸು, ಗೋಡೆ, ಚಂದ್ರ ಯಾವುದರಿಂದಲೂ ಆಗದ್ದು ಆ ಗಂಟಲಿನಿಂದ ಆಯಿತು. ಜನ ನಿಟ್ಟುಸಿರು ಬಿಟ್ಟು ಮನೆಗಳಿಗೆ ತಿರುಗಿದರು. ಸ್ವಲ್ಪ ಹೊತ್ತಿಗೆಲ್ಲ "ನಿನ್ನ ಸ್ಕೂಟರು ತೆಗೀತೀಯೋ ಇಲ್ವೋ?" ಎಂದು ಮಾಲೀಕ ಕೂಗುವುದು ಕೇಳಿಸಿತು.

ಮೇಲೆ ಅತ್ತೆ ತಮ್ಮ ಕೈಕೆಲಸದ ಗತಿ ಕಂಡು ಒಂದಷ್ಟು ಅತ್ತರು. ಆಮೇಲೆ ಕಣ್ಣೊರೆಸಿಕೊಂಡು, "ಹಾಗಾದ್ರೆ ಲೋಕಕ್ಕೇನೂ ಆಗಲ್ಲ ಅನ್ನಿ. ಇನ್ನು ಅವಸರ ಏನಿದೆ? ನಾಲ್ಕು ತಿಂಗಳು ಇದ್ದೇ ಹೋಗ್ತೀನಿ" ಎಂದು ಹಾಸಿಗೆ ಬಿಚ್ಚಿದರು. ಭಾವಮೈದ ಆಗಲೇ ಗೊರಕೆ ಹೊಡೆಯುತ್ತಿದ್ದ.

ಜೋಪಾನಪ್ಪ ಗೋಡೆಗೆ ಒತ್ತಿಕೊಂಡು, ತಲೆ ತಗ್ಗಿಸಿ, ಕೈಕಟ್ಟಿ ನಿಂತಿದ್ದ. ಹೆಂಡತಿಯ ದನಿ ಒಂದು ಸಲ ಇದ್ದಕ್ಕಿದ್ದಂತೆ ನಿಂತಿತು. ಅವನು ಹೆದರಿ ಕಣ್ಣೆತ್ತಿದ. ಅವಳು ಶಾಲನ್ನು ಎದೆಗೆ ಹಿಡಿದು ಅವನನ್ನೇ ನೋಡುತ್ತಿದ್ದಳು. ಹತ್ತಿರ ಬಂದು, ಅಮ್ಮನಿಗೆ ಕೇಳಿಸದಷ್ಟು ಮೆಲ್ಲಗೆ ಕೇಳಿದಳು.

"ರೀ, ಖಂಡಿತ ಬೂಷ್ಟೇ ತಾನೇ?"

"ನಿನ್ನಾಣೆಗೂ ಬೂಷ್ಟೇ."

"ಬೇರೆ ಏನೂ ಬರ್ತಿಲ್ಲ?"

"ಏನೂ ಇಲ್ಲ."

ಅವಳು ಉದ್ದಕ್ಕೆ ಒಂದು ಉಸಿರು ಬಿಟ್ಟಳು. ತೋಳಿನಿಂದಲೇ ಕಣ್ಣೊರೆಸಿಕೊಂಡಳು. ಅವನ ಮಾತನ್ನು ನಂಬಿ, ನೆಮ್ಮದಿಯಾಗಿ, ಮತ್ತೆ ಮೊದಲಿನಿಂದ ಬೈಯಲು ಶುರುಮಾಡಿದಳು.